ಶೋಕವನ್ನು ನೆನೆಯುವುದು ಆರ್ತಧ್ಯಾನವೇ?

ಜನವರಿ 26ರ ಬೆಳಿಗ್ಗೆ ನಾಡಿನ ಶಾಲೆಗಳಲ್ಲೆಲ್ಲ ಒಂದೇ ಬಗೆಯ ಸಡಗರ. ಒಗೆದು ಇಸ್ತ್ರಿ ಮಾಡಿದ ಸಮವಸ್ತ್ರ, ಕೈಯಲ್ಲಿ ಕಾಗದದ ಬಾವುಟ, ಸಾಲು ತಪ್ಪದಂತೆ ಎಚ್ಚರಿಸುತ್ತ ಪಕ್ಕದಲ್ಲಿ ನಡೆಯುವ ಶಿಕ್ಷಕರು, ಎಲ್ಲ ಮುಗಿದ ಮೇಲೆ ಸಿಗಲಿರುವ ಸಿಹಿಯ ನಿರೀಕ್ಷೆ. 2001ರ ಗಣರಾಜ್ಯೋತ್ಸವದಂದು ಗುಜರಾತಿನ ಕಛ್ ಜಿಲ್ಲೆಯ ಅಂಜಾರ್ ಪಟ್ಟಣದ ಮಕ್ಕಳೂ ಹೀಗೆಯೇ ಹೊರಟಿದ್ದರು. ಹಳೆಯ ಪಟ್ಟಣದ ಇಕ್ಕಟ್ಟಾದ ಬೀದಿ. ಗಂಟೆ 8.46. ನೆಲ ನಡುಗಿತು, ಇಕ್ಕೆಲದ ಕಟ್ಟಡಗಳು ಮೆರವಣಿಗೆಯ ಮೇಲೆ ಕುಸಿದು ಬಿದ್ದವು. ಆ ಅವಶೇಷಗಳಡಿ 185 ಮಕ್ಕಳು ಮತ್ತು 20 ಶಿಕ್ಷಕರು ಪ್ರಾಣ ಬಿಟ್ಟರು.

ಆ ಭೂಕಂಪದ ತೀವ್ರತೆ 7.7ರಷ್ಟಿತ್ತು. ಭುಜ್, ಅಂಜಾರ್, ಭಚಾವ್, ರಾಪರ್ ಪಟ್ಟಣಗಳು ನೆಲಕಚ್ಚಿದವು. ಸರ್ಕಾರಿ ಲೆಕ್ಕದಂತೆ ಗುಜರಾತಿನಲ್ಲಿ ಸತ್ತವರು 13,805 ಮಂದಿ, ಗಾಯಗೊಂಡವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಗಾಯಾಳುಗಳನ್ನು ಹೊತ್ತು ತರಬೇಕಾಗಿದ್ದ ಭುಜ್‌ನ ಸಾರ್ವಜನಿಕ ಆಸ್ಪತ್ರೆಯೇ ಬಿದ್ದುಹೋಗಿತ್ತು. ಗೋಡೆಗಳಡಿ ಸಿಕ್ಕಿ ಸತ್ತ ಹಕ್ಕಿಗಳ, ಹುಳುಹುಪ್ಪಟೆಗಳ ಲೆಕ್ಕವನ್ನು ಯಾರೂ ಇಡಲಿಲ್ಲ. ಜೈನ ಮನೆಗಳಲ್ಲಿ ಅದನ್ನೂ ನೆನೆದವರು ಇದ್ದಿರಬೇಕು. ಇದೀಗ 25 ವರ್ಷ ಸಂದಿದೆ. ಅಂದು ಮೆರವಣಿಗೆಯಲ್ಲಿದ್ದು ಉಳಿದ ಮಕ್ಕಳು ಇಂದು ಮೂವತ್ತು ದಾಟಿದ ಗೃಹಸ್ಥರು. ಅವರ ಮಕ್ಕಳು ಅದೇ ದಿನ, ಅದೇ ಹೊತ್ತಿಗೆ ಬಾವುಟ ಹಿಡಿದು ಶಾಲೆಗೆ ಹೋಗುವ ವಯಸ್ಸಿನವರಾಗಿದ್ದಾರೆ.

ಇಂಥ ದಿನ ಮರಳಿ ಬಂದಾಗ ಧರ್ಮಶ್ರದ್ಧೆಯುಳ್ಳ ಶ್ರಾವಕ, ಶ್ರಾವಿಕೆಯರಲ್ಲಿ ಒಂದು ಸಂದೇಹ ಏಳುವುದುಂಟು. ಸತ್ತವರಿಗಾಗಿ ಅಳುವುದು, ವರ್ಷ ವರ್ಷವೂ ಆ ಗಾಯವನ್ನು ಮುಟ್ಟಿ ನೋಡಿಕೊಳ್ಳುವುದು ಆರ್ತಧ್ಯಾನವಲ್ಲವೇ? ಆರ್ತಧ್ಯಾನ ಪಾಪಾಸ್ರವಕ್ಕೆ ಕಾರಣವಲ್ಲವೇ? ಹಾಗಾದರೆ ಮರೆತುಬಿಡುವುದೇ ಧರ್ಮವೇ? ಇದನ್ನು ಪಂಡಿತರ ಚರ್ಚೆಗೆ ಬಿಟ್ಟುಬಿಡುವಂತಿಲ್ಲ. ಮಗುವನ್ನು ಕಳೆದುಕೊಂಡ ತಾಯಿ ಸಾಮಾಯಿಕಕ್ಕೆ ಕುಳಿತಾಗ ಕಣ್ಣು ತುಂಬಿದರೆ, ತಾನು ದುಃಖಿಸುತ್ತಿರುವುದಷ್ಟೇ ಅಲ್ಲ, ತಪ್ಪನ್ನೂ ಮಾಡುತ್ತಿದ್ದೇನೆ ಎಂದು ಆಕೆ ಭಾವಿಸಬೇಕೇ ಎಂಬುದು ಇಲ್ಲಿರುವ ಪ್ರಶ್ನೆ.

ಶಾಸ್ತ್ರ ಏನು ಹೇಳುತ್ತದೆ ಎಂಬುದನ್ನು ಅರ್ಧಕ್ಕೆ ನಿಲ್ಲಿಸದೆ ನೋಡಬೇಕು. ಆಚಾರ್ಯ ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಇಷ್ಟವಾದವರು ಅಗಲಿದಾಗ ಅವರು ಮತ್ತೆ ದೊರೆಯಬೇಕೆಂದು ಮನಸ್ಸು ಅದರಲ್ಲೇ ಸುತ್ತುತ್ತಿರುವುದು ಆರ್ತಧ್ಯಾನದ ಒಂದು ಬಗೆ ಎಂಬುದು ನಿಜ. ಪ್ರವಚನಗಳಲ್ಲಿ ಸಾಮಾನ್ಯವಾಗಿ ಇಷ್ಟನ್ನೇ ಹೇಳಿ ಮುಂದೆ ಹೋಗುತ್ತಾರೆ. ಆದರೆ ಅದೇ ಪ್ರಕರಣದಲ್ಲಿ ಇನ್ನೊಂದು ಮಾತಿದೆ. ಆರ್ತಧ್ಯಾನವು ವ್ರತವಿಲ್ಲದವರಿಗೆ, ಅಣುವ್ರತಿಗಳಾದ ಗೃಹಸ್ಥರಿಗೆ, ಅಷ್ಟೇ ಏಕೆ, ಪ್ರಮತ್ತಸಂಯತರಾದ ಮುನಿಗಳಿಗೂ ಉಂಟಾಗಬಹುದೆಂದು ಆಚಾರ್ಯರೇ ಒಪ್ಪುತ್ತಾರೆ. ಮನೆಮಠ ತೊರೆದು ಮಹಾವ್ರತ ಹಿಡಿದವರಿಗೂ ಆರನೆಯ ಗುಣಸ್ಥಾನದವರೆಗೆ ತಪ್ಪದ ಈ ಸಂಕಟ, ಮಗುವಿನ ಅಂಗಿಯನ್ನು ಇನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವ ತಾಯಿಗೆ ಬಂದರೆ ಅದರಲ್ಲಿ ನಾಚಿಕೆಪಡುವಂಥದ್ದೇನು? ಆಕೆಗೆ ಉಪದೇಶ ಮಾಡಲು ಹೊರಡುವವರು ಮೊದಲು ತಾವು ಯಾವ ಗುಣಸ್ಥಾನದಲ್ಲಿ ನಿಂತು ಮಾತಾಡುತ್ತಿದ್ದೇವೆಂದು ಕೇಳಿಕೊಳ್ಳುವುದು ಒಳಿತು.

ಆರನೆಯ ಅಧ್ಯಾಯದ ಎರಡು ಸೂತ್ರಗಳು ಇದಕ್ಕಿಂತಲೂ ಹೆಚ್ಚು ಬೆಳಕು ಕೊಡುತ್ತವೆ. ದುಃಖ, ಶೋಕ, ತಾಪ, ಆಕ್ರಂದನ ಮೊದಲಾದವು, ತನ್ನಲ್ಲಿ ಉಂಟಾಗಲಿ, ಪರರಲ್ಲಿ ಉಂಟುಮಾಡಲಿ, ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಮೊದಲನೆಯದು ಹೇಳುತ್ತದೆ. ಅದರ ಬೆನ್ನಿಗೇ ಬರುವುದು ಸಾತಾವೇದನೀಯದ ವಿಚಾರ. ಜೀವಿಗಳ ಮೇಲಿನ ಅನುಕಂಪೆ, ದಾನ, ಕ್ಷಮೆ ಮುಂತಾದವು ಅದಕ್ಕೆ ಕಾರಣ. ಒಂದೇ ಘಟನೆ ಮನಸ್ಸಿನೊಳಗೆ ಎರಡು ಬಾಗಿಲಿನಿಂದ ಬರಬಹುದು. ಅಗಲಿದವರನ್ನು ನೆನೆದು ಕೊರಗುತ್ತ ಕೂತರೆ ಅದು ಶೋಕ. ಅವರನ್ನು ನೆನೆದಾಗ ಇನ್ನೊಬ್ಬರ ನೋವು ತನ್ನದೆನಿಸಿ ಕೈ ಮುಂದಾದರೆ ಅದು ಅನುಕಂಪೆ. ಎರಡರಲ್ಲೂ ಕಣ್ಣೀರು ಇರುತ್ತದೆ. ಶಾಸ್ತ್ರ ತೂಗುವುದು ಒಳಗಿನ ಭಾವವನ್ನು. ಭುಜ್‌ನ ಬೀದಿಗಳಲ್ಲಿ ತನ್ನ ಮನೆಯವರನ್ನು ಕಳೆದುಕೊಂಡೂ ಪಕ್ಕದ ಮನೆಯ ಕಲ್ಲುಗಳನ್ನು ಬರಿಗೈಯಲ್ಲಿ ಎತ್ತುತ್ತಿದ್ದವರ ಭಾವ ಯಾವ ಸೂತ್ರಕ್ಕೆ ಸೇರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ವಿಷಯವನ್ನು ಖಂಡಿತವಾಗಿ ಹೇಳಲೇಬೇಕು. ಯಾವುದೇ ದುರಂತ ನಡೆದಾಗ ನಾಲಗೆಯ ತುದಿಗೆ ಬರುವ ಮಾತೊಂದಿದೆ: ಅವರವರು ಪಡೆದುಕೊಂಡು ಬಂದದ್ದು. ಸಾವಿನ ಮನೆಗೆ ಹೋಗಿ ಬಂದವರೂ ಜಗಲಿ ಇಳಿಯುತ್ತ ಈ ಮಾತನ್ನು ಆಡುತ್ತಾರೆ. ಆಡುವವರಿಗೆ ತಾವು ಜಿನಸಿದ್ಧಾಂತವನ್ನೇ ನುಡಿಯುತ್ತಿದ್ದೇವೆಂಬ ಭ್ರಮೆ. ಕರ್ಮಸಿದ್ಧಾಂತ ಸತ್ಯವೇ. ಆದರೆ ಅದನ್ನು ಕೊಟ್ಟದ್ದು ಪ್ರತಿಯೊಬ್ಬ ಜೀವನೂ ತನ್ನ ಮನೆಯ ಕಸವನ್ನು ತಾನು ನೋಡಿಕೊಳ್ಳಲೆಂದು. ನೆರೆಮನೆಯ ಅಂಗಳದತ್ತ ಬೆರಳು ತೋರಿಸಲೆಂದಲ್ಲ. ಧರ್ಮ್ಯಧ್ಯಾನದಲ್ಲಿ ವಿಪಾಕವಿಚಯವೆಂಬ ಒಂದು ಭೇದವಿದೆ. ಕರ್ಮದ ಫಲವನ್ನು ಚಿಂತಿಸುವ ಆ ಧ್ಯಾನ ತನ್ನನ್ನು ತಾನು ತಿದ್ದಿಕೊಳ್ಳುವ ಸಾಧನ. ಅದಕ್ಕೆ ಮೊದಲು ಹೇಳಿರುವುದು ಅಪಾಯವಿಚಯ: ದಾರಿ ತಪ್ಪಿ ನೋಯುತ್ತಿರುವ ಈ ಜೀವಿಗಳು ದುಃಖದಿಂದ ಹೇಗೆ ಪಾರಾದಾರೆಂಬ ಕಳಕಳಿ. ಆ ಕಳಕಳಿಯಿಲ್ಲದೆ ಬರಿಯ ವಿಪಾಕದ ಮಾತನ್ನು ಇನ್ನೊಬ್ಬರ ಶವದ ಮುಂದೆ ಆಡುವುದು ಕಠೋರತೆ. ಯಾವ ಜೀವಕ್ಕೆ ಯಾವ ಕರ್ಮ ಎಂದು ಉದಯಕ್ಕೆ ಬಂತೆಂಬುದನ್ನು ಕಾಣಲು ಕೇವಲಜ್ಞಾನವೇ ಬೇಕು. ಅದಿಲ್ಲದವರು ಸುಮ್ಮನಿರುವುದೇ ಸತ್ಯವ್ರತ.

ಈ ಮಾತಿನ ಕೆಡುಕು ಕಠೋರತೆಯಲ್ಲಿಗೇ ಮುಗಿಯುವುದಿಲ್ಲ. ಎಲ್ಲವನ್ನೂ ಸತ್ತವರ ಕರ್ಮದ ಲೆಕ್ಕಕ್ಕೆ ಬರೆದುಬಿಟ್ಟರೆ ಬದುಕಿರುವವರ ಹೊಣೆ ಮಾಯವಾಗುತ್ತದೆ. ಕಛ್ ಪ್ರದೇಶ ಭೂಕಂಪದ ಅತ್ಯಂತ ಅಪಾಯಕಾರಿ ವಲಯವಾದ ಐದನೆಯ ವಲಯದಲ್ಲಿದೆಯೆಂಬುದು 2001ಕ್ಕೆ ಮೊದಲೇ ತಿಳಿದಿತ್ತು. 1819ರಲ್ಲಿ ಅಲ್ಲಿ ಮಹಾಕಂಪ ನಡೆದಿತ್ತು. 1956ರಲ್ಲಿ ಇದೇ ಅಂಜಾರ್ ನಡುಗಿ ನೂರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಆದರೂ ಮಣ್ಣು ಕಲ್ಲುಗಳ ಮೇಲೆ ಮಹಡಿಯೇರಿತು, ಬೀದಿಗಳು ಇಕ್ಕಟ್ಟಾಗಿಯೇ ಉಳಿದವು. ಕಂಪನದ ಕೇಂದ್ರದಿಂದ 200 ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಹೊಸ ಬಹುಮಹಡಿ ಕಟ್ಟಡಗಳು ಉರುಳಿದಾಗ, ಅವುಗಳ ಪಕ್ಕದಲ್ಲೇ ಬೇರೆ ಕಟ್ಟಡಗಳು ನಿಂತಿದ್ದವು. ನೆಲ ನಡುಗಿದ್ದು ಎರಡಕ್ಕೂ ಒಂದೇ. ಕಟ್ಟಿದ ಕೈಗಳು ಮಾತ್ರ ಬೇರೆ.

ಉಮಾಸ್ವಾತಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದದಿಂದ ಪ್ರಾಣಹರಣವಾಗುವುದನ್ನೇ ಹಿಂಸೆ ಎಂದಿದ್ದಾರೆ. ಪ್ರಮಾದವೆಂದರೆ ಅಜಾಗರೂಕತೆ, ಕಷಾಯದ ಅಮಲು. ಇರುವೆಯನ್ನು ತುಳಿಯದಿರಲೆಂದು ನೆಲ ನೋಡಿ ನಡೆಯುವವನು, ನೀರನ್ನು ಸೋಸಿ ಕುಡಿಯುವವನು, ಸಿಮೆಂಟಿಗೆ ಮರಳನ್ನು ಹೆಚ್ಚು ಬೆರೆಸಿದರೆ, ಲಾಭಕ್ಕಾಗಿ ಕಂಬಿಯನ್ನು ತೆಳುವಾಗಿಸಿದರೆ ಅವನ ಅಹಿಂಸಾಣುವ್ರತ ಎಲ್ಲಿ ಉಳಿಯಿತು? ವ್ಯಾಪಾರ, ಗುತ್ತಿಗೆ, ಕಟ್ಟಡ ನಿರ್ಮಾಣಗಳಲ್ಲಿ ತೊಡಗಿರುವ ಜೈನ ಸಮಾಜ ಈ ಪ್ರಶ್ನೆಯನ್ನು ಪರರಿಗಿಂತ ಮೊದಲು ತನಗೇ ಕೇಳಿಕೊಳ್ಳಬೇಕು. ಸಂಜೆಯ ಪ್ರತಿಕ್ರಮಣದಲ್ಲಿ ಏಕೇಂದ್ರಿಯ ಜೀವಿಗಳಿಂದ ಹಿಡಿದು ಎಲ್ಲವನ್ನೂ ಎಣಿಸಿ ತಪ್ಪೊಪ್ಪಿಕೊಳ್ಳುವ ಸಂಪ್ರದಾಯವಿದೆ. ತಾನು ಕಟ್ಟಿದ ಗೋಡೆಯಡಿ ಮಲಗುವ ಪಂಚೇಂದ್ರಿಯ ಮನುಷ್ಯರೂ ಆ ಎಣಿಕೆಯಲ್ಲಿ ಸೇರುತ್ತಾರೆ.

ಶ್ರದ್ಧೆಯ ಪ್ರಶ್ನೆ ಇನ್ನೂ ಉಳಿದಿದೆ. ಕಛ್ ಕಡಲತೀರದ ಭದ್ರೇಶ್ವರ ಜೈನರ ಪ್ರಾಚೀನ ತೀರ್ಥಗಳಲ್ಲೊಂದು. ಅಲ್ಲಿನ ಜಿನಾಲಯವೂ 2001ರ ಕಂಪನದಲ್ಲಿ ತೀವ್ರವಾಗಿ ಹಾನಿಗೊಂಡು, ಅನಂತರ ಹೊಸದಾಗಿ ಕಟ್ಟಲ್ಪಟ್ಟಿತು. ತನ್ನ ಆಲಯವನ್ನೇ ಉಳಿಸಿಕೊಳ್ಳದ ಜಿನ ಭಕ್ತರನ್ನು ಹೇಗೆ ಉಳಿಸಿಯಾನು ಎಂದು ಹೊರಗಿನವರು ಕೇಳಬಹುದು. ಜೈನ ಮನೆಯಲ್ಲಿ ಬೆಳೆದವರಿಗೆ ಈ ಪ್ರಶ್ನೆಯ ನಡೆಯೇ ಬೇರೆ. ಜಿನೇಶ್ವರನು ಲೋಕವನ್ನು ಸೃಷ್ಟಿಸಿದವನಲ್ಲ, ನಡುಗಿಸಿದವನೂ ಅಲ್ಲ. ಕೋಪಗೊಂಡು ಕಟ್ಟಡ ಉರುಳಿಸುವುದಿಲ್ಲ, ಮೆಚ್ಚಿ ಒಂದು ಮನೆಯನ್ನು ಮಾತ್ರ ಉಳಿಸುವುದೂ ಇಲ್ಲ. ದೇವರು ಹೀಗೇಕೆ ಮಾಡಿದ ಎಂಬ ಕೂಗಿಗೆ ಇಲ್ಲಿ ಎಡೆಯಿಲ್ಲದಿರುವುದು ಒಂದು ಬಗೆಯಲ್ಲಿ ಬಿಡುಗಡೆ, ಇನ್ನೊಂದು ಬಗೆಯಲ್ಲಿ ಕಠಿಣವಾದ ಒಂಟಿತನ. ದ್ವಾದಶಾನುಪ್ರೇಕ್ಷೆಗಳಲ್ಲಿ ಅನಿತ್ಯದ ಮರುಗಳಿಗೆಗೇ ಅಶರಣವನ್ನು ಇಟ್ಟಿರುವುದು ಸುಮ್ಮನೆ ಅಲ್ಲ. ಸಾವು ಬಂದಾಗ ತಂದೆತಾಯಿ, ಧನಕನಕ, ಕೋಟೆಕೊತ್ತಳ ಯಾವುದೂ ಶರಣಲ್ಲ ಎಂಬುದನ್ನು ಅಂಜಾರಿನ ಬೀದಿ ಕೆಲವೇ ಕ್ಷಣಗಳಲ್ಲಿ ತೋರಿಸಿತು.

ಆದರೂ ನಿತ್ಯವೂ ನಾಲ್ಕು ಶರಣುಗಳನ್ನು ಹೇಳುವ ಪರಿಪಾಠ ಬಿಟ್ಟಿಲ್ಲ: ಅರಹಂತರು, ಸಿದ್ಧರು, ಸಾಧುಗಳು, ಕೇವಲಿಪ್ರಣೀತವಾದ ಧರ್ಮ. ಈ ಶರಣು ತಲೆಯ ಮೇಲೆ ಬೀಳುವ ಕಲ್ಲನ್ನು ತಡೆಯುವುದಲ್ಲ. ಕಲ್ಲು ಬಿದ್ದ ಮೇಲೆ ಮನಸ್ಸು ದ್ವೇಷಕ್ಕೂ ನಿರಾಶೆಗೂ ಬೀಳದಂತೆ ತಡೆಯುವುದು. ಎಲ್ಲ ಕಳೆದುಕೊಂಡ ರಾತ್ರಿ ಬಯಲಿನ ಚಳಿಯಲ್ಲಿ ಕುಳಿತು ಪಂಚನಮಸ್ಕಾರವನ್ನು ಜಪಿಸಿದವರು ಕೇಳಿದ್ದು ಕಳೆದದ್ದನ್ನು ಹಿಂದಕ್ಕೆ ಕೊಡೆಂದಲ್ಲ. ಆ ಮಂತ್ರದಲ್ಲಿ ಬೇಡಿಕೆಯೇ ಇಲ್ಲವಷ್ಟೆ.

ಭದ್ರೇಶ್ವರದ ಹೆಸರು ಬಂದಾಗ ಅಲ್ಲಿನ ಜಗಡೂಶಾಹನನ್ನು ನೆನೆಯದೆ ಮುಂದೆ ಹೋಗಲಾಗದು. ಹದಿಮೂರನೆಯ ಶತಮಾನದ ಈ ಜೈನ ವರ್ತಕನ ಕಥೆಯನ್ನು ಸರ್ವಾನಂದ ಸೂರಿ ಎಂಬ ಕವಿ ಸಂಸ್ಕೃತದ ಜಗಡೂಚರಿತದಲ್ಲಿ ಹೇಳಿದ್ದಾನೆ. ಬರ ಬರಲಿದೆಯೆಂಬ ಮುನ್ಸೂಚನೆಯನ್ನು ಗುರುವಿನಿಂದ ಪಡೆದ ಜಗಡೂ ಧಾನ್ಯವನ್ನು ಕೂಡಿಟ್ಟ. ಬರ ಬಂದು ರಾಜರ ಕಣಜಗಳೂ ಬರಿದಾದಾಗ ಗುಜರಾತಿನ ಅರಸ ವೀಸಲದೇವನೇ ಅವನನ್ನು ಕರೆಸಿ ಧಾನ್ಯ ಕೇಳಿದನಂತೆ. ಕಣಜದಲ್ಲಿ ದೊರೆತ ತಾಮ್ರಪಟ ಆ ಧಾನ್ಯ ಬಡವರಿಗಾಗಿ ಮೀಸಲೆಂದು ಹೇಳುತ್ತಿತ್ತು. ಬೆಲೆಯೇರಲಿ ಎಂದು ದಾಸ್ತಾನು ಮಾಡುವ ವರ್ತಕರನ್ನು ಎಲ್ಲ ಕಾಲವೂ ಕಂಡಿದೆ. ಹಸಿವಿಗಾಗಿ ದಾಸ್ತಾನು ಮಾಡಿದವನು ಅಪರೂಪ. ಆತ ಜಿನಾಲಯಗಳನ್ನು ಜೀರ್ಣೋದ್ಧಾರ ಮಾಡಿಸಿದ್ದಲ್ಲದೆ ಭದ್ರೇಶ್ವರದಲ್ಲಿ ಮಸೀದಿಯನ್ನೂ ಕಟ್ಟಿಸಿದನೆಂದು ಅದೇ ಕೃತಿ ಹೇಳುತ್ತದೆ. 2001ರಲ್ಲಿ ದೇಶದ ಮೂಲೆಮೂಲೆಗಳಿಂದ ಕಛ್‌ನತ್ತ ಹೊರಟ ಧಾನ್ಯ, ಕಂಬಳಿ, ಔಷಧಿಗಳ ಲಾರಿಗಳು ಏಳು ಶತಮಾನಗಳ ಹಿಂದೆ ತೆರೆದ ಆ ಕಣಜದ ಋಣವನ್ನು ತಿಳಿಯದೆಯೇ ತೀರಿಸುತ್ತಿದ್ದವು ಎನ್ನಬಹುದು.

ಕೃತಜ್ಞತೆ ಎಂಬ ಮಾತನ್ನು ಸಾವಿನ ಪಕ್ಕದಲ್ಲಿ ಇಡುವಾಗ ಎಚ್ಚರ ಬೇಕು. ಕಛ್ ದುರಂತದ ತರುವಾಯ ಗುಜರಾತಿನಲ್ಲಿ ವಿಪತ್ತು ನಿರ್ವಹಣಾ ಪ್ರಾಧಿಕಾರ ಹುಟ್ಟಿತು. 2004ರ ಸುನಾಮಿಯೂ ಬಂದು ಹೋದ ಮೇಲೆ, 2005ರಲ್ಲಿ ಇಡೀ ದೇಶಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಕಂಪನವನ್ನು ತಾಳುವಂತೆ ಮನೆ ಕಟ್ಟುವ ಬಗೆಯನ್ನು ಕಛ್‌ನ ಗಾರೆಯವರು ಕಲಿತರು. ಸಂತ್ರಸ್ತರೇ ಸಹಾಯಧನ ಪಡೆದು ತಮ್ಮ ಮನೆಗಳನ್ನು ಎದ್ದು ನಿಲ್ಲಿಸಿದರು. ಇವೆಲ್ಲ ಒಳ್ಳೆಯದೇ. ಆದರೆ ಆ ಮಕ್ಕಳು ಇದಕ್ಕಾಗಿ ಸತ್ತರು ಎನ್ನುವುದು ಸುಳ್ಳು. ಅವರು ಹೊರಟದ್ದು ಬಾವುಟಕ್ಕೆ ವಂದನೆ ಸಲ್ಲಿಸಲು. ಅವರ ಸಾವಿಗೆ ಅರ್ಥ ಹಚ್ಚುವ ಅಧಿಕಾರ ಯಾರಿಗೂ ಇಲ್ಲ. ಉಳಿದವರು ಅವರಿಗೆ ಋಣಿಗಳಾಗಿ ನಡೆದುಕೊಳ್ಳಬಹುದು, ಅಷ್ಟೆ. ಜೀವಿಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬದುಕುತ್ತವೆ ಎಂಬ ತತ್ತ್ವಾರ್ಥದ ಉಪದೇಶವನ್ನು ಜೈನ ಲಾಂಛನದ ಕೆಳಗೆ ಬರೆದು ಗೋಡೆಗೆ ತೂಗುಹಾಕುವುದು ಸುಲಭ. ಆ ಉಪಕಾರ ಸತ್ತವರಿಂದಲೂ ಬರುತ್ತದೆ, ಮುಖ ಕಾಣದವರಿಂದಲೂ ಬರುತ್ತದೆ. ಅಂದು ಸಾಲಿನ ಪಕ್ಕದಲ್ಲಿ ನಡೆಯುತ್ತಿದ್ದ ಆ 20 ಮಂದಿ ಶಿಕ್ಷಕರ ಹೆಸರುಗಳು ಕರ್ನಾಟಕದಲ್ಲಿ ಎಷ್ಟು ಜನಕ್ಕೆ ಗೊತ್ತು? ಗೊತ್ತಿಲ್ಲದಿದ್ದರೂ, ಮಗುವಿನ ಕೈಹಿಡಿದು ರಸ್ತೆ ದಾಟಿಸುವ ಪ್ರತಿಯೊಬ್ಬ ಗುರುವಿಗೂ ಅವರು ಬಂಧುಗಳೇ.

ದುರಂತದ ನೆನಪನ್ನು ಶ್ರದ್ಧೆಯಾಗಿ ಬೆಳೆಸಿಕೊಂಡ ನಾಡು ಕನ್ನಡ ನಾಡು. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿನ ಅತಿ ಹಳೆಯ ಶಾಸನ ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವೈಷಮ್ಯವನ್ನು ಮುಂಗಂಡದ್ದನ್ನೂ, ಸಂಘವು ಉತ್ತರದಿಂದ ದಕ್ಷಿಣಕ್ಕೆ ಬಂದದ್ದನ್ನೂ ಹೇಳುತ್ತದೆ. ವಡ್ಡಾರಾಧನೆಯಲ್ಲೂ ಭದ್ರಬಾಹು ಭಟಾರರ ಕಥೆ ಇದೆ. ಯಾವುದೋ ದೂರದೇಶದ ಕ್ಷಾಮ, ಹಸಿದ ಜನ, ಊರು ಬಿಟ್ಟು ಹೊರಟ ಮುನಿಗಳು: ಆ ಸಂಕಟದ ದಾರಿ ಬಂದು ಮುಟ್ಟಿದ್ದು ಕಟವಪ್ರಕ್ಕೆ. ಅಲ್ಲಿ ಸಮಾಧಿಮರಣ ಹೊಂದಿದ ಮುನಿಗಳ, ಕಂತಿಯರ ಹೆಸರುಗಳು ಬಂಡೆಗಳ ಮೇಲೆ ಇಂದಿಗೂ ಇವೆ. ಒಂದೆರಡು ಸಾಲು, ಒಂದು ಹೆಸರು, ಎಷ್ಟೋ ಕಡೆ ಅಷ್ಟೇ.

ಸಮಾಧಿಮರಣಕ್ಕೂ ಭೂಕಂಪದ ಮರಣಕ್ಕೂ ಅಜಗಜಾಂತರವಿದೆ, ಅದನ್ನು ಮರೆಯುವಂತಿಲ್ಲ. ಒಂದು ಎಚ್ಚರದಿಂದ ಬರಮಾಡಿಕೊಂಡದ್ದು, ಇನ್ನೊಂದು ಎಚ್ಚರಿಕೆಯನ್ನೇ ಕೊಡದೆ ಎರಗಿದ್ದು. ಆದರೆ ಹೆಸರನ್ನು ಕಲ್ಲಿನಲ್ಲಿ ಕೊರೆಯುವ ಕೈಯ ಭಾವ ಎರಡು ಕಡೆಯೂ ಒಂದೇ ಎನಿಸುತ್ತದೆ. ಎಲ್ಲವೂ ಅನಿತ್ಯವೆಂದು ಅನುದಿನವೂ ಚಿಂತಿಸುವ ಧರ್ಮವೇ ಹೆಸರುಗಳನ್ನು ಕಲ್ಲಿನಲ್ಲಿ ಬರೆಸಿತು. ಇದರಲ್ಲಿ ವಿರೋಧವಿದೆಯೆಂದು ಆ ಪೂರ್ವಜರಿಗೆ ಅನ್ನಿಸಲಿಲ್ಲ. ದೀಪಾವಳಿಯೂ ಹಾಗೆಯೇ. ಪಾವಾಪುರಿಯಲ್ಲಿ ವರ್ಧಮಾನ ಸ್ವಾಮಿಯ ನಿರ್ವಾಣವಾದ ರಾತ್ರಿ, ಜ್ಞಾನದ ಬೆಳಕು ಹೋಯಿತೆಂದು ಅರಸರು ಮಣ್ಣಿನ ಹಣತೆಗಳ ಬೆಳಕನ್ನಾದರೂ ಇಡೋಣವೆಂದರೆಂದು ಶ್ವೇತಾಂಬರ ಪರಂಪರೆಯ ಕಲ್ಪಸೂತ್ರ ಹೇಳುತ್ತದೆ. ಅಗಲಿಕೆಯ ನೋವು, ಮೋಕ್ಷದ ಹರ್ಷ, ಪಡೆದ ಉಪದೇಶಕ್ಕೆ ಕೃತಜ್ಞತೆ ಮೂರೂ ಒಂದೇ ಹಣತೆಯಲ್ಲಿ ಉರಿಯುತ್ತವೆ. ಎಳೆಯ ಮಕ್ಕಳಿಗೆ ಅದು ಬರಿಯ ಹಬ್ಬ, ಹಿರಿಯರಿಗೆ ಗೊತ್ತಿರುತ್ತದೆ.

ಭುಜ್ ಪಟ್ಟಣದ ಅಂಚಿನ ಭುಜಿಯಾ ಗುಡ್ಡದ ಮೇಲೆ 470 ಎಕರೆಯಲ್ಲಿ ಸ್ಮೃತಿವನವೆಂಬ ಸ್ಮಾರಕ ಎದ್ದಿದೆ. ಅಂಜಾರಿನ ಮಕ್ಕಳು ಮತ್ತು ಶಿಕ್ಷಕರಿಗಾಗಿ ಆ ಪಟ್ಟಣದಲ್ಲೇ ವೀರ ಬಾಲಕ ಸ್ಮಾರಕವಿದೆ. ಎರಡೂ 2022ರ ಆಗಸ್ಟ್ 28ರಂದು ಲೋಕಾರ್ಪಣೆಗೊಂಡವು. ಸಂಗ್ರಹಾಲಯವನ್ನೂ ಸೂರ್ಯೋದಯದ ನೋಟವನ್ನೂ ಹೊಗಳುವವರು ಬಹಳ. ಶ್ರಾವಕನ ಕಣ್ಣು ನಿಲ್ಲಬೇಕಾದದ್ದು ಅಲ್ಲಿನ ಮರಗಳ ಮೇಲೆ, ಮಳೆನೀರು ಹಿಡಿಯಲೆಂದು ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಕಟ್ಟೆಗಳ ಮೇಲೆ. ಬರಡು ಗುಡ್ಡವಾಗಿದ್ದ ಜಾಗದಲ್ಲಿ ಈಗ ಬೇರುಗಳು ಇಳಿದಿವೆ. ಕಛ್‌ನಲ್ಲಿ ಮಳೆ ಕಡಿಮೆ, ಬಿದ್ದ ಹನಿಯನ್ನು ಬಿಡುವಂತಿಲ್ಲ. ಸತ್ತವರ ಹೆಸರುಗಳಿರುವ ಆ ಗುಡ್ಡದಲ್ಲಿ, ಮಳೆಯಾದ ವರ್ಷ, ನೀರು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಇಳಿಯುತ್ತ ನಿಲ್ಲುತ್ತ ಹೋಗುತ್ತದೆ, ಹಕ್ಕಿಗಳು ಬಂದು ಕುಡಿಯುತ್ತವೆ.